ಧ್ವನಿಪೆಟ್ಟಿಗೆ ತೆಗೆಸಬೇಕೇ, ಕರೆಂಟು–ಕೀಮೋ ಸಾಕೇ?

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಒಕ್ಕಲುತನ ಮಾಡುತ್ತಾರೆ, ಊರಿನ ಭಜನಾ ಮೇಳದಲ್ಲಿ ತತ್ವಪದ ಹಾಡುತ್ತಾರೆ. ಸುಮಾರು 35 ವರ್ಷ ಬೀಡಿ ಸೇದಿದ್ದಾರೆ. ಎಂಟು ತಿಂಗಳ ಹಿಂದೆ ಧ್ವನಿ ಒಡೆದಾಗ ಹಾಡಿ ಹಾಡಿ ಗಂಟಲು ಕಟ್ಟಿದೆ ಎಂದುಕೊಂಡೆವು. ಈಗ ನುಂಗುವಾಗ ಬಲಗಿವಿಯವರೆಗೆ ನೋವು ಹೊಡೆಯುತ್ತದೆ. 60 ಕಿಲೋ ಇದ್ದ ತೂಕ 52ಕ್ಕೆ ಇಳಿದಿದೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ಬಲಗಡೆಯ ಧ್ವನಿತಂತು ಅಲುಗಾಡುತ್ತಿಲ್ಲ, ಕುತ್ತಿಗೆಯಲ್ಲಿ ಒಂದು ಗಂಟಿದೆ. ಚೀಟಿಯಲ್ಲಿ ಟಿ3 ಎನ್1, ಮೂರನೇ ಹಂತ ಎಂದು ಬರೆದಿದ್ದಾರೆ. ಮೂತ್ರಪಿಂಡದ ಕೆಲಸ ನೋಡುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.3, ಅದು ನಾರ್ಮಲ್ ಅಂತೆ. ಕಿವಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಮಾತ್ರೆ ನುಂಗುತ್ತಾರೆ. ಒಬ್ಬ ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎನ್ನುತ್ತಾರೆ, ಇನ್ನೊಬ್ಬರು ಏಳು ವಾರ ಕರೆಂಟು ಮತ್ತು ಕೀಮೋ ಸೇರಿಸಿ ಕೊಡೋಣ ಎನ್ನುತ್ತಾರೆ. ಚೂಜಿ ಹಾಕಿ ತುಂಡು ತೆಗೆದದ್ದರಿಂದಲೇ ರೋಗ ಹರಡಿದೆ, ಕರೆಂಟು ಕೊಟ್ಟರೆ ಒಳಗೆಲ್ಲ ಸುಟ್ಟುಹೋಗುತ್ತದೆ ಎಂದು ಬಂಧುಗಳು ಹೆದರಿಸಿ, ಕಷಾಯ ಕೊಡುವವರೊಬ್ಬರ ವಿಳಾಸ ಕೊಟ್ಟಿದ್ದಾರೆ. ಅಪ್ಪ ಮಾತ್ರ, ‘ಮಾತು ಹೋದ ಮೇಲೆ ಇದ್ದೇನು ಮಾಡೋದು’ ಎಂದು ಸುಮ್ಮನಾಗಿದ್ದಾರೆ. ನಾವು ಏನು ಮಾಡಬೇಕು?

ಉತ್ತರ: ಇಬ್ಬರು ವೈದ್ಯರು ಎರಡು ಮಾತು ಹೇಳಿದರೆಂದರೆ ಅವರಲ್ಲೊಬ್ಬರು ತಪ್ಪಿರಬೇಕು ಎಂದು ಮನೆಯವರಿಗೆ ಅನ್ನಿಸುವುದು ಸಹಜ. ನಿಮ್ಮ ತಂದೆಯವರ ಹಂತದ ಧ್ವನಿಪೆಟ್ಟಿಗೆಯ ಕ್ಯಾನ್ಸರಿನಲ್ಲಿ ಮಾತ್ರ ಎರಡೂ ಒಪ್ಪಿತ ಚಿಕಿತ್ಸೆಗಳೇ. ಈ ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅವರ ಧ್ವನಿಪೆಟ್ಟಿಗೆ ಉಳಿಸಿಕೊಳ್ಳುವಷ್ಟು ಕೆಲಸ ಮಾಡುತ್ತಿದೆಯೇ, ಮತ್ತು ಏಳು ವಾರದ ಚಿಕಿತ್ಸೆಯನ್ನು ನಡುವೆ ನಿಲ್ಲಿಸದೆ ಮುಗಿಸುವ ಶಕ್ತಿ ಅವರ ದೇಹಕ್ಕೂ ನಿಮ್ಮ ಮನೆಗೂ ಇದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ದಾರಿ ತಾನಾಗಿ ಸ್ಪಷ್ಟವಾಗುತ್ತದೆ.

ಮೊದಲು ಬಂಧುಗಳ ಮಾತು. ಬಯಾಪ್ಸಿಯಿಂದ ರೋಗ ಹರಡಿಲ್ಲ. ಎಂಟು ತಿಂಗಳಲ್ಲಿ ಗಡ್ಡೆ ತಾನಾಗಿ ಬೆಳೆದು, ಧ್ವನಿತಂತನ್ನು ಹಿಡಿದು ನಿಲ್ಲಿಸಿ (ಚೀಟಿಯ ಟಿ3 ಇದೇ), ಕುತ್ತಿಗೆಯ ದುಗ್ಧಗ್ರಂಥಿಗೆ ಇಳಿದಿದೆ (ಅದು ಎನ್1). ಬಯಾಪ್ಸಿ ಮಾಡಿಸಿದ ಮೇಲೆ ಅದು ನಿಮ್ಮ ಗಮನಕ್ಕೆ ಬಂದಿದೆ, ಅಷ್ಟೇ. ಆ ತುಂಡಿನ ಪರೀಕ್ಷೆಯಿಲ್ಲದೆ ಯಾವ ಜವಾಬ್ದಾರಿಯುತ ವೈದ್ಯರೂ ವಿಕಿರಣವನ್ನಾಗಲಿ ಕೀಮೋವನ್ನಾಗಲಿ ಶುರುಮಾಡಲಾರರು. ಕಿವಿನೋವಿನ ಬಗ್ಗೆಯೂ ಒಂದು ಮಾತು ಹೇಳಬೇಕು: ಗಂಟಲಿಗೂ ಕಿವಿಗೂ ಒಂದೇ ನರದ ಕವಲುಗಳು ಹೋಗುವುದರಿಂದ ಗಂಟಲಿನ ಹುಣ್ಣಿನ ನೋವು ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕಿವಿಗೆ ಹನಿ ಹಾಕಿಸಿಕೊಳ್ಳುತ್ತ ತಿಂಗಳುಗಳನ್ನು ಕಳೆದ ಎಷ್ಟೋ ಬೀಡಿ ಸೇದುವವರನ್ನು ನಾನು ನೋಡಿದ್ದೇನೆ. ಮೂರು ವಾರ ದಾಟಿದ ಗೊಗ್ಗರು ಧ್ವನಿಯನ್ನು ಒಮ್ಮೆ ಕಿವಿ–ಮೂಗು–ಗಂಟಲು ತಜ್ಞರಿಗೆ ತೋರಿಸಲೇಬೇಕು. ನಿಮ್ಮ ಊರಿನ ಮೇಳದ ಉಳಿದವರಿಗೂ ಇದನ್ನು ಹೇಳಿ.

ವಿಕಿರಣ ಚಿಕಿತ್ಸೆಗೆ ‘ಕರೆಂಟು’ ಎಂಬ ಹೆಸರು ನಮ್ಮ ಕಡೆ ಹೇಗೋ ಬಂದುಬಿಟ್ಟಿದೆ, ಆ ಹೆಸರೇ ಅರ್ಧ ಹೆದರಿಕೆಗೆ ಕಾರಣ. ವಿದ್ಯುತ್ತು ಮೈಗೆ ತಾಗುವುದಿಲ್ಲ. ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರ ಹೆಚ್ಚು ಶಕ್ತಿಯ ಎಕ್ಸ್‌ರೇ ಕಿರಣಗಳನ್ನು ಗಡ್ಡೆಯತ್ತ ಹಾಯಿಸುತ್ತದೆ. ಹಾಯುವಾಗ ಬಿಸಿಯೂ ಗೊತ್ತಾಗುವುದಿಲ್ಲ, ನೋವೂ ಆಗುವುದಿಲ್ಲ. ಮುಖ ಮತ್ತು ಹೆಗಲಿನ ಅಚ್ಚು ತೆಗೆದು ಮಾಡಿದ ಜಾಳಿಗೆಯಂಥ ಪ್ಲಾಸ್ಟಿಕ್ ಮಾಸ್ಕನ್ನು ಪ್ರತಿದಿನ ಹಾಕಿ, ತಲೆ ಅಲುಗದಂತೆ ಮೇಜಿಗೆ ಬಿಗಿಯುತ್ತಾರೆ. ಮೊದಲ ದಿನ ಕೆಲವರಿಗೆ ಉಸಿರು ಕಟ್ಟಿದಂತೆ ಅನ್ನಿಸುತ್ತದೆ, ಮೂರನೆಯ ದಿನಕ್ಕೆ ರೂಢಿಯಾಗುತ್ತದೆ. ಯಂತ್ರ ನಿಂತ ಕ್ಷಣ ಕಿರಣವೂ ಇಲ್ಲ. ಆದ್ದರಿಂದ ಮನೆಗೆ ಬಂದ ಮೇಲೆ ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಆದರೆ ‘ಸುಟ್ಟುಹೋಗುತ್ತದೆ’ ಎಂಬ ಮಾತಿನಲ್ಲಿ ಸತ್ಯದ ಅಂಶ ಇಲ್ಲವೇ ಇಲ್ಲ ಎನ್ನಲಾರೆ. ಗಂಟಲಿನ ಒಳಪದರ ಹುಣ್ಣಾಗುತ್ತದೆ, ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುತ್ತದೆ. ಆ ಕಷ್ಟ ಯಾವಾಗ, ಎಷ್ಟು ಎಂಬುದನ್ನು ಮುಂದೆ ಹೇಳುತ್ತೇನೆ.

ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಕ್ಯಾನ್ಸರಿಗಾಗಿ ಮೊದಲು ಮಾಡಿದವರು ವಿಯೆನ್ನಾದ ಬಿಲ್‌ರೋತ್, 1873ರಲ್ಲಿ. ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಬೆಳೆದ ಗಡ್ಡೆಗೆ ಅದೇ ಮುಖ್ಯ ದಾರಿಯಾಗಿತ್ತು. 1991ರಲ್ಲಿ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ 332 ರೋಗಿಗಳ ಮೇಲೆ ನಡೆದ ಪ್ರಯೋಗ ಹೊರಬಂತು. ಅರ್ಧ ಜನರಿಗೆ ಶಸ್ತ್ರಚಿಕಿತ್ಸೆ ಮಾಡಿ ವಿಕಿರಣ ಕೊಟ್ಟರು, ಉಳಿದ ಅರ್ಧ ಜನರಿಗೆ ಮೊದಲು ಕೀಮೋ ಕೊಟ್ಟು, ಗಡ್ಡೆ ಕರಗಿದರೆ ವಿಕಿರಣ ಕೊಟ್ಟರು. ಎರಡು ವರ್ಷದ ಬಳಿಕ ಎರಡೂ ಗುಂಪಿನಲ್ಲಿ ಬದುಕಿದ್ದವರು ಶೇಕಡಾ 68. ಕೀಮೋ ಗುಂಪಿನಲ್ಲಿ ಶೇಕಡಾ 64 ಜನರ ಧ್ವನಿಪೆಟ್ಟಿಗೆ ಉಳಿದಿತ್ತು. ಆಯುಷ್ಯಕ್ಕೆ ಕೊರತೆಯಾಗದಂತೆ ಧ್ವನಿ ಉಳಿಸಬಹುದು ಎಂಬ ಧೈರ್ಯ ಬಂದದ್ದು ಆಗ. 2003ರಲ್ಲಿ ಇನ್ನೂ ದೊಡ್ಡ ಪ್ರಯೋಗವೊಂದು, ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿಯನ್ನು ವಿಕಿರಣದ ಜೊತೆಯಲ್ಲೇ ಕೊಟ್ಟರೆ ಎರಡು ವರ್ಷಕ್ಕೆ ಶೇಕಡಾ 88 ಜನರ ಧ್ವನಿಪೆಟ್ಟಿಗೆ ಉಳಿಯುತ್ತದೆ, ಮೊದಲು ಕೀಮೋ ಆಮೇಲೆ ವಿಕಿರಣ ಎಂದರೆ ಶೇಕಡಾ 75, ಬರೀ ವಿಕಿರಣವಾದರೆ ಶೇಕಡಾ 70 ಎಂದು ತೋರಿಸಿತು. ನಿಮಗೆ ಎರಡನೆಯ ವೈದ್ಯರು ಹೇಳಿದ ‘ಸೇರಿಸಿ ಕೊಡೋಣ’ ಎಂಬ ಮಾತಿನ ಬೇರು ಇಲ್ಲಿದೆ.

ಜೊತೆಯಲ್ಲಿ ಕೊಡುವುದರಿಂದ ಏಕೆ ಲಾಭ? ವಿಕಿರಣ ಗಡ್ಡೆಯ ಜೀವಕೋಶಗಳ ವಂಶತಂತುವನ್ನು (ಡಿಎನ್‌ಎ) ಮುರಿಯುತ್ತದೆ, ಜೀವಕೋಶ ಅದನ್ನು ಮತ್ತೆ ಹೊಲಿದುಕೊಳ್ಳಲು ನೋಡುತ್ತದೆ. ಸಿಸ್‌ಪ್ಲಾಟಿನ್ ಆ ದುರಸ್ತಿಗೆ ಅಡ್ಡ ಬರುತ್ತದೆ. ಅಂದರೆ ಇಲ್ಲಿ ಕೀಮೋ ಮುಖ್ಯ ಪಾತ್ರಧಾರಿಯಲ್ಲ, ಹಿಮ್ಮೇಳ. ಇದು ಗೊತ್ತಿಲ್ಲದೆ ಕೆಲವರು ‘ಮೊದಲು ಕೀಮೋ ಮುಗಿಸಿ ಬರುತ್ತೇವೆ, ಕರೆಂಟು ಆಮೇಲೆ ನೋಡೋಣ’ ಎನ್ನುತ್ತಾರೆ. ಕೀಮೋವೊಂದರಿಂದಲೇ ಈ ಕ್ಯಾನ್ಸರ್ ಗುಣವಾಗುವುದಿಲ್ಲ.

ಅದೇ 2003ರ ಪ್ರಯೋಗದ ಉಳಿದ ಅರ್ಧವನ್ನೂ ನಿಮ್ಮ ಮುಂದೆ ಇಡಬೇಕು. ಐದು ವರ್ಷದ ಬಳಿಕ ಮೂರೂ ಗುಂಪುಗಳಲ್ಲಿ ಬದುಕಿದ್ದವರು ಅರ್ಧಕ್ಕಿಂತ ತುಸು ಹೆಚ್ಚು, ಮತ್ತು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಹತ್ತು ವರ್ಷದ ಲೆಕ್ಕದಲ್ಲಿ ಜೊತೆಯಾಗಿ ಚಿಕಿತ್ಸೆ ಪಡೆದವರಲ್ಲಿ ಧ್ವನಿಪೆಟ್ಟಿಗೆ ಉಳಿಸಿಕೊಂಡವರೇ ಹೆಚ್ಚಾದರೂ, ಕ್ಯಾನ್ಸರಲ್ಲದ ಬೇರೆ ಕಾರಣಗಳಿಂದ ತೀರಿಕೊಂಡವರ ಪ್ರಮಾಣವೂ ಅವರಲ್ಲಿ ಹೆಚ್ಚಿತ್ತು. ನುಂಗುವಿಕೆ ಕೆಟ್ಟು ಆಹಾರ ಶ್ವಾಸಕೋಶಕ್ಕೆ ಇಳಿಯುವುದು ಅದಕ್ಕೆ ಒಂದು ಕಾರಣವಿರಬಹುದೆಂದು ನಮ್ಮಲ್ಲಿ ಅನೇಕರ ಅನುಮಾನ. ಇನ್ನೊಂದು ಮುಖ್ಯ ಸಂಗತಿಯೆಂದರೆ, ಗಡ್ಡೆ ಥೈರಾಯ್ಡ್ ಮೃದ್ವಸ್ಥಿಯನ್ನು ಕೊರೆದು ಹೊರಗೆ ಬಂದಿದ್ದ ರೋಗಿಗಳನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಈ ಮೃದ್ವಸ್ಥಿ ಎಂದರೆ ಗಂಡಸರ ಗಂಟಲಲ್ಲಿ ಉಬ್ಬಿ ಕಾಣುವ ಆ ಗಟ್ಟಿ ಭಾಗ. ಅದನ್ನು ಗಡ್ಡೆ ಪೂರ್ತಿ ಕೊರೆದು ಹೊರಬಂದಿದ್ದರೆ ಹಂತ ಟಿ4ಎ ಆಗುತ್ತದೆ, ಆಗ ಶಸ್ತ್ರಚಿಕಿತ್ಸೆಯೇ ಸರಿಯಾದ ಸಲಹೆ, ನಾನು ವಿಕಿರಣ ತಜ್ಞನಾಗಿದ್ದೂ ಇದನ್ನು ಹೇಳುತ್ತೇನೆ. ಟಿ3 ಮತ್ತು ಟಿ4ಎ ನಡುವಿನ ಗೆರೆಯನ್ನು ಸಿಟಿ ಸ್ಕ್ಯಾನಿನಲ್ಲಿ ಗುರುತಿಸುವುದು ಒಮ್ಮೊಮ್ಮೆ ಕಷ್ಟ. ನಿಮ್ಮ ಇಬ್ಬರು ವೈದ್ಯರ ಅಭಿಪ್ರಾಯ ಬೇರೆಯಾಗಿರುವುದು ಬಹುಶಃ ಈ ಗೆರೆಯ ಮೇಲೆಯೇ. ಹೀಗಾಗಿ ನಿಮ್ಮ ಮೊದಲ ಪ್ರಶ್ನೆ ‘ಮೃದ್ವಸ್ಥಿಯ ಹೊರಮೈ ಒಡೆದಿದೆಯೇ?’ ಎಂದಿರಲಿ. ಎರಡನೆಯದು, ‘ನೀರು ಕುಡಿದಾಗ ಕೆಮ್ಮು ಬರುತ್ತದೆಯೇ, ಉಸಿರಿಗೆ ಈಗಾಗಲೇ ತೊಂದರೆಯಿದೆಯೇ?’ ಎಂಬುದು. ಗುಟುಕು ನೀರೂ ಉಸಿರ್ನಾಳಕ್ಕೆ ಇಳಿಯುವ, ಉಸಿರಿಗಾಗಿ ಕುತ್ತಿಗೆಯಲ್ಲಿ ರಂಧ್ರ ಮಾಡಿಸಿಕೊಂಡಿರುವ ರೋಗಿಯ ಧ್ವನಿಪೆಟ್ಟಿಗೆಯನ್ನು ಉಳಿಸಿದರೆ ಉಳಿಯುವುದು ಅಂಗ ಮಾತ್ರ. ಮಾತು ಅಸ್ಪಷ್ಟ, ಊಟ ನಳಿಗೆಯಲ್ಲಿ, ವರ್ಷಕ್ಕೆ ಎರಡು ಸಲ ನ್ಯುಮೋನಿಯಾ ಎಂಬ ಸ್ಥಿತಿಗೆ ಬಂದವರು, ಮೊದಲೇ ತೆಗೆಸಿದ್ದರೆ ಚೆನ್ನಾಗಿತ್ತು ಎಂದು ನನ್ನ ಮುಂದೆ ಬರೆದು ತೋರಿಸಿದ್ದುಂಟು.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ನೀವು ‘ನಾರ್ಮಲ್’ ಎಂದು ಬರೆದಿರುವ ಕ್ರಿಯಾಟಿನಿನ್. ಲ್ಯಾಬಿನ ಕಾಗದದಲ್ಲಿ 1.3 ಎಲ್ಲೆಯೊಳಗೇ ಇರಬಹುದು, ಆದರೆ ಸಿಸ್‌ಪ್ಲಾಟಿನ್ ಕೊಡುವವರು ಆ ಅಂಕಿಯೊಂದನ್ನೇ ನೋಡುವುದಿಲ್ಲ, ಮೂತ್ರಪಿಂಡ ನಿಮಿಷಕ್ಕೆ ಎಷ್ಟು ರಕ್ತ ಶೋಧಿಸುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. 140ರಲ್ಲಿ ವಯಸ್ಸು ಕಳೆಯಿರಿ, 79. ಅದನ್ನು ತೂಕ 52ರಿಂದ ಗುಣಿಸಿ, 72 ಮತ್ತು 1.3ರ ಗುಣಲಬ್ಧದಿಂದ ಭಾಗಿಸಿದರೆ ಬರುವುದು ಸುಮಾರು 44 ಮಿಲಿಲೀಟರ್. ಪೂರ್ತಿ ಪ್ರಮಾಣದ ಸಿಸ್‌ಪ್ಲಾಟಿನ್ ಕೊಡಲು ಸಾಮಾನ್ಯವಾಗಿ 50 ಅಥವಾ 60 ಇರಬೇಕೆಂದು ನಾವು ನೋಡುತ್ತೇವೆ. ಈ ಔಷಧಿ ಮೂತ್ರಪಿಂಡವನ್ನೇ ಗಾಸಿಗೊಳಿಸುವುದರಿಂದ, 44ರ ಮೇಲೆ ಹಾಗೆಯೇ ಕೊಟ್ಟರೆ ಎರಡನೆಯ ಸುತ್ತಿಗೆ ಮೊದಲೇ ಚಿಕಿತ್ಸೆ ನಿಲ್ಲುವ ಸಂಭವ ಬಹಳ. ಆದರೆ ಗಾಬರಿಯಾಗಬೇಡಿ. ನುಂಗಲಾರದೆ ನೀರು ಕಡಿಮೆ ಕುಡಿಯುವವರಲ್ಲಿ, ಡೈಕ್ಲೋಫೆನಾಕ್ ನುಂಗುವವರಲ್ಲಿ ಕ್ರಿಯಾಟಿನಿನ್ ಏರುವುದು ಸಾಮಾನ್ಯ. ಆ ಮಾತ್ರೆಯನ್ನು ಇವತ್ತೇ ನಿಲ್ಲಿಸಿ, ನೋವಿಗೆ ಪ್ಯಾರಾಸಿಟಮಾಲ್ ಅಥವಾ ವೈದ್ಯರು ಬರೆದುಕೊಡುವ ಬೇರೆ ಔಷಧಿ ಕೊಡಿ, ನಾಲ್ಕೈದು ದಿನ ಚೆನ್ನಾಗಿ ದ್ರವಾಹಾರ ಅಥವಾ ಸಲೈನ್ ಹೋಗಲಿ, ಆಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಅಂಕಿ 1.0ಕ್ಕೆ ಇಳಿದರೆ ಅದೇ ಲೆಕ್ಕ 57ಕ್ಕೆ ಬರುತ್ತದೆ. ಕಷಾಯದ ವಿಷಯಕ್ಕೂ ಇಲ್ಲೇ ಉತ್ತರವಿದೆ: ಒಳಗೆ ಏನಿದೆಯೆಂದು ಗೊತ್ತಿಲ್ಲದ ಬೇರು–ಭಸ್ಮಗಳು ಹೋಗುವುದು ಇದೇ ಮೂತ್ರಪಿಂಡದ ಮೂಲಕ. ಕಷಾಯ ಕೊಡುವವರ ಬಗ್ಗೆ ನನಗೆ ದ್ವೇಷವಿಲ್ಲ, ಆದರೆ ಈ ಏಳು ವಾರಗಳಲ್ಲಿ ಅದು ಬೇಡ.

ಸಿಸ್‌ಪ್ಲಾಟಿನ್ ಒಳಗಿವಿಗೂ ಹಾನಿ ಮಾಡುತ್ತದೆ, ಆದ್ದರಿಂದ ಶ್ರವಣ ಪರೀಕ್ಷೆಯನ್ನೂ ಮೊದಲೇ ಮಾಡಿಸಬೇಕು. ತಾಳ ಹಿಡಿದು ಹಾಡುವವರಿಗೆ ಕಿವಿಯ ಬೆಲೆ ನಾನು ಹೇಳಬೇಕಾಗಿಲ್ಲ. ಈ ಔಷಧಿಯನ್ನು ಮೂರು ವಾರಕ್ಕೊಮ್ಮೆ, ದೇಹದ ಮೇಲ್ಮೈಯ ಚದರ ಮೀಟರಿಗೆ 100 ಮಿಲಿಗ್ರಾಂ ಕೊಡುವ ಪದ್ಧತಿಯೂ ಇದೆ, ವಾರಕ್ಕೊಮ್ಮೆ 40 ಮಿಲಿಗ್ರಾಂ ಕೊಡುವ ಪದ್ಧತಿಯೂ ಇದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಾರಕ್ಕೆ 30 ಮಿಲಿಗ್ರಾಂ ಸಾಲದೆಂದು ಕಂಡಿತು, ಅಲ್ಲಿನ ರೋಗಿಗಳಲ್ಲಿ ಹೆಚ್ಚಿನವರು ಶಸ್ತ್ರಚಿಕಿತ್ಸೆ ಮುಗಿಸಿದವರಾಗಿದ್ದರು. ಬಳಿಕ 40 ಮಿಲಿಗ್ರಾಂ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಅದು ಮೂರು ವಾರದ ಪದ್ಧತಿಗಿಂತ ಹಿಂದೆ ಬೀಳಲಿಲ್ಲ. ನಿಮ್ಮ ತಂದೆಯಂಥ ಬಡಕಲು ಮೈಯವರಿಗೆ ನಾನಾದರೆ ವಾರದ ಪದ್ಧತಿಯನ್ನೇ ಆರಿಸುತ್ತೇನೆ, ಏಕೆಂದರೆ ಒಂದು ವಾರ ರಕ್ತಪರೀಕ್ಷೆ ಸರಿಯಿಲ್ಲದಿದ್ದರೆ ಆ ವಾರದ ಡೋಸನ್ನು ಮಾತ್ರ ಬಿಡಬಹುದು.

ಮೂತ್ರಪಿಂಡ ಕೊನೆಗೂ ಸಹಕರಿಸದಿದ್ದರೆ ದಾರಿ ಮುಚ್ಚಿತೆಂದಲ್ಲ. ಸಿಸ್‌ಪ್ಲಾಟಿನ್ ಕೊಡಲಾಗದವರಿಗೆ ವಾರಕ್ಕೊಮ್ಮೆ ವಿಕಿರಣದ ಜೊತೆ ಸಣ್ಣ ಪ್ರಮಾಣದಲ್ಲಿ ಡೋಸಿಟ್ಯಾಕ್ಸೆಲ್ ಎಂಬ ಬೇರೆ ಕೀಮೋ ಔಷಧಿ ಕೊಟ್ಟರೆ, ಬರೀ ವಿಕಿರಣಕ್ಕಿಂತ ಹೆಚ್ಚು ಜನ ಬದುಕುತ್ತಾರೆ ಎಂದು ಟಾಟಾ ಆಸ್ಪತ್ರೆಯ ಇನ್ನೊಂದು ಪ್ರಯೋಗ 2023ರಲ್ಲಿ ತೋರಿಸಿತು: ಎರಡು ವರ್ಷಕ್ಕೆ ಶೇಕಡಾ 41.7ರ ಜಾಗದಲ್ಲಿ 50.8. ಔಷಧಿ ದುಬಾರಿಯಲ್ಲ, ಆದರೆ ಗಂಟಲಿನ ಹುಣ್ಣು ಹೆಚ್ಚು. ಯಾವ ಕೀಮೋವನ್ನೂ ತಡೆಯಲಾರದವರಿಗೆ ವಾರಕ್ಕೆ ಐದರ ಬದಲು ಆರು ಸಲ ವಿಕಿರಣ ಕೊಡುವ ಪದ್ಧತಿಯಿದೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹಲವು ಬಡ ದೇಶಗಳ ಆಸ್ಪತ್ರೆಗಳಲ್ಲಿ ನಡೆಸಿದ ಪ್ರಯೋಗದಲ್ಲಿ, ಐದು ವರ್ಷಕ್ಕೆ ಗಡ್ಡೆ ಹತೋಟಿಯಲ್ಲಿದ್ದವರು ಶೇಕಡಾ 30ರಿಂದ 42ಕ್ಕೆ ಏರಿದರು. ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ವಿರುದ್ಧ ಎಬ್ಬಿಸುವ, ಲಕ್ಷಗಟ್ಟಲೆ ಬೆಲೆಯ ಇಮ್ಯುನೊಥೆರಪಿಯನ್ನು ಇದಕ್ಕೆ ಸೇರಿಸೋಣ ಎಂದು ಯಾರಾದರೂ ಹೇಳಿದರೆ ಹೊಲ ಒತ್ತೆಯಿಡುವ ಮೊದಲು ಯೋಚಿಸಿ. ಅವೆಲುಮಾಬ್, ಪೆಂಬ್ರೊಲಿಜುಮಾಬ್ ಎಂಬ ಇಂಥ ಎರಡು ಔಷಧಿಗಳನ್ನೂ ಕೀಮೋ–ವಿಕಿರಣದ ಜೊತೆ ಸೇರಿಸಿ ಮಾಡಿದ ದೊಡ್ಡ ಪ್ರಯೋಗಗಳು ನಿರೀಕ್ಷಿಸಿದ ಲಾಭವನ್ನು ತೋರಿಸಲಿಲ್ಲ.

ಈಗ ಏಳು ವಾರಗಳ ಮಾತು. ಒಟ್ಟು ಪ್ರಮಾಣ ಸಾಮಾನ್ಯವಾಗಿ 70 ಗ್ರೇ (ಗ್ರೇ ಎಂಬುದು ವಿಕಿರಣದ ಅಳತೆ), 35 ಭಾಗಗಳಲ್ಲಿ, ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು. ಮೊದಲ ಎರಡು ವಾರ ಏನೂ ಆಗದಂತೆ ಕಂಡು ಮನೆಯವರು ಹಗುರಾಗುತ್ತಾರೆ. ಎರಡನೆಯ ವಾರದ ಕೊನೆಗೆ ರುಚಿ ಹೋಗುತ್ತದೆ, ಮೂರನೆಯ ವಾರ ಬಾಯಿ–ಗಂಟಲು ಕೆಂಪಾಗಿ ಉರಿಯುತ್ತದೆ, ಐದನೆಯ ವಾರದ ಹೊತ್ತಿಗೆ ಎಂಜಲು ನುಂಗುವುದೂ ಕಷ್ಟವಾಗಬಹುದು. ಜೋಳದ ರೊಟ್ಟಿ ಮತ್ತು ಖಾರದ ಚಟ್ನಿಯಲ್ಲಿ ಬೆಳೆದ ದೇಹಕ್ಕೆ ಇದು ದೊಡ್ಡ ಶಿಕ್ಷೆ. ಆಗ ನುಚ್ಚು, ಅಂಬಲಿ, ಹಾಲು, ಮೊಟ್ಟೆ, ತುಪ್ಪ ಹಾಕಿ ಮೆತ್ತಗೆ ಕಲಸಿದ ಬೇಳೆ–ಅನ್ನ, ಇವೆಲ್ಲ ಹೋಗಲಿ. ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತದೆ, ಹಾಲು ಕಫ ಎಂದು ಪಥ್ಯ ಹಿಡಿಸುವವರ ಮಾತು ಕೇಳಬೇಡಿ. ಈ ರೋಗಿಗಳನ್ನು ಕೆಡವುವುದರಲ್ಲಿ ಪಥ್ಯದ ಪಾಲು ದೊಡ್ಡದು. ಈಗಾಗಲೇ ಎಂಟು ಕಿಲೋ ಕಳೆದುಕೊಂಡಿರುವ ನಿಮ್ಮ ತಂದೆಗೆ ಮೂಗಿನ ಮೂಲಕ ಊಟದ ನಳಿಗೆ ಹಾಕಿಸಬೇಕಾಗಿ ಬರಬಹುದು. ‘ಪೈಪು ಹಾಕಿದರೆಂದರೆ ಮುಗಿಯಿತು’ ಎಂದು ಊರಿನಲ್ಲಿ ಹೇಳುತ್ತಾರೆ, ವಾಸ್ತವದಲ್ಲಿ ಅದು ಚಿಕಿತ್ಸೆ ಮುಗಿಸಲು ಕೊಡುವ ಊರುಗೋಲು. ನಳಿಗೆಯಿದ್ದರೂ ದಿನಕ್ಕೆ ಹಲವು ಸಲ ಗುಟುಕು ನೀರನ್ನಾದರೂ ನುಂಗಿಸಬೇಕು, ಏಕೆಂದರೆ ಬಳಸದ ಗಂಟಲಿನ ಸ್ನಾಯು ಬಿಗಿದುಕೊಂಡು ಮತ್ತೆ ಕೆಲಸ ಕಲಿಯುವುದಿಲ್ಲ. ಚಿಕಿತ್ಸೆ ಮುಗಿದು ಮೂರು ನಾಲ್ಕು ವಾರಕ್ಕೆ ಹುಣ್ಣು ಮಾಯತೊಡಗುತ್ತದೆ.

ಸಾಕಾಯಿತು ಎಂದು ರೋಗಿಗಳು ಹೇಳುವುದು ಬಹುತೇಕ ನಾಲ್ಕನೆಯ ಅಥವಾ ಐದನೆಯ ವಾರದಲ್ಲಿ. ‘ಒಂದು ವಾರ ಊರಿಗೆ ಹೋಗಿ ಸುಧಾರಿಸಿಕೊಂಡು ಬರುತ್ತೇವೆ’ ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ವಾರದಲ್ಲಿ ಸುಧಾರಿಸಿಕೊಳ್ಳುವುದು ರೋಗಿಯಷ್ಟೇ ಅಲ್ಲ, ಉಳಿದ ಗಡ್ಡೆಯೂ ಹೌದು, ಮತ್ತು ಅದು ಮೊದಲಿಗಿಂತ ವೇಗವಾಗಿ ಬೆಳೆಯುತ್ತದೆ. ತಪ್ಪಿದ ಒಂದೊಂದು ದಿನಕ್ಕೂ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಶೇಕಡಾ ಒಂದರಷ್ಟು ಅಥವಾ ತುಸು ಹೆಚ್ಚೇ ಕಡಿಮೆಯಾಗುತ್ತದೆಂಬುದು ನಮ್ಮ ಕ್ಷೇತ್ರದ ಒಪ್ಪಿತ ಲೆಕ್ಕ. ಹಬ್ಬ, ಬಿತ್ತನೆ, ಮದುವೆ ಯಾವುದೂ ಇದಕ್ಕೆ ಕಾರಣವಾಗಬಾರದು. ಬೀಡಿಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ: ಚಿಕಿತ್ಸೆ ನಡೆಯುವಾಗ ಸೇದಿದರೆ ವಿಕಿರಣದ ಬಲವೇ ಕುಗ್ಗುತ್ತದೆ, ಹುಣ್ಣು ಬೇಗ ಮಾಯುವುದಿಲ್ಲ. ಬೀಡಿ ಬಿಟ್ಟು ಬಾಯಿಗೆ ಅಡಿಕೆ–ತಂಬಾಕು ಹಾಕಿಕೊಳ್ಳುವುದೂ ಬೇಡ.

ಗುಣವಾದ ಮೇಲೂ ಕೆಲವು ತೊಂದರೆಗಳು ಉಳಿಯುತ್ತವೆ. ಬಾಯಿ ಒಣಗುವುದು, ಕುತ್ತಿಗೆ ಬಿರುಸಾಗುವುದು, ಥೈರಾಯ್ಡ್ ಗ್ರಂಥಿಯ ಕೆಲಸ ನಿಧಾನವಾಗುವುದು. ಕೊನೆಯದಕ್ಕೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಿ ಮಾತ್ರೆ ಕೊಟ್ಟರೆ ಸಾಕು. ವಿಕಿರಣ ಮುಗಿದು ಸುಮಾರು ಹನ್ನೆರಡು ವಾರಕ್ಕೆ ರೋಗ ಉಳಿದಿದೆಯೇ ಎಂದು ನೋಡಲು ಪೆಟ್–ಸಿಟಿ ಸ್ಕ್ಯಾನ್ ಮಾಡಿಸುತ್ತೇವೆ, ಅದಕ್ಕೂ ಮೊದಲು ಮಾಡಿಸಿದರೆ ಮಾಯುತ್ತಿರುವ ಹುಣ್ಣೇ ಕ್ಯಾನ್ಸರಿನಂತೆ ಹೊಳೆದು ಸುಮ್ಮನೆ ಗಾಬರಿ. ರೋಗ ಉಳಿದಿದ್ದರೆ ಆಗ ಧ್ವನಿಪೆಟ್ಟಿಗೆ ತೆಗೆಯುವ ಶಸ್ತ್ರಚಿಕಿತ್ಸೆ ಇನ್ನೂ ಸಾಧ್ಯ, ಆದರೆ ವಿಕಿರಣ ತಾಗಿದ ಮಾಂಸ ಕೂಡಿಕೊಳ್ಳುವುದು ತಡ, ಹೊಲಿಗೆಯ ಸಂದಿಯಿಂದ ಎಂಜಲು ಸೋರುವ ತೊಡಕು ಹೆಚ್ಚು.

ನಿಮ್ಮ ತಂದೆಯವರ ಮಾತಿಗೆ ಬರುತ್ತೇನೆ. ಅವರೊಡನೆ ನೇರವಾಗಿ ಮಾತಾಡಿ: ಕೀಮೋ–ವಿಕಿರಣದಿಂದ ಗುಣವಾದರೂ ಮೇಳದಲ್ಲಿ ಮೊದಲಿನಂತೆ ಏರುದನಿಯಲ್ಲಿ ಹಾಡುವುದು ಕಷ್ಟ, ಏಕೆಂದರೆ ನಿಂತುಹೋದ ಧ್ವನಿತಂತು ಪೂರ್ತಿ ಚಲಿಸದಿರಬಹುದು. ಮಾತು ಉಳಿಯುವ ಸಂಭವ ಮಾತ್ರ ಚೆನ್ನಾಗಿದೆ. ಶಸ್ತ್ರಚಿಕಿತ್ಸೆಯಾದರೆ ಉಸಿರಾಟ ಕುತ್ತಿಗೆಯ ರಂಧ್ರದ ಮೂಲಕ, ಆದರೆ ಮಾತು ಶಾಶ್ವತವಾಗಿ ಹೋಗುತ್ತದೆಂಬುದು ಸರಿಯಲ್ಲ. ಉಸಿರ್ನಾಳ ಮತ್ತು ಅನ್ನನಾಳದ ನಡುವೆ ಸಣ್ಣ ಕವಾಟವೊಂದನ್ನು ಕೂರಿಸಿದರೆ, ರಂಧ್ರವನ್ನು ಬೆರಳಿನಿಂದ ಮುಚ್ಚಿ ಮಾತಾಡಬಹುದು. ಹೊರದೇಶದ ಕವಾಟಗಳಿಗೆ ಹತ್ತಾರು ಸಾವಿರ ರೂಪಾಯಿಯಾಗುತ್ತದೆ, ಬೆಂಗಳೂರಿನ ಡಾ. ವಿಶಾಲ್ ರಾವ್ ಮತ್ತು ಶಶಾಂಕ್ ಮಹೇಶ್ ಸೇರಿ ರೂಪಿಸಿದ ‘ಓಂ’ ಎಂಬ ಸಾಧನವನ್ನು ಸುಮಾರು 50 ರೂಪಾಯಿಗೆ ಸಿಗುವಂತೆ ಮಾಡಿದ್ದು ಸುದ್ದಿಯಾಗಿತ್ತು. ಈಗಾಗಲೇ ಹೀಗೆ ಮಾತಾಡುತ್ತಿರುವ ಒಬ್ಬರನ್ನು ಭೇಟಿ ಮಾಡಿಸಲು ಆಸ್ಪತ್ರೆಯವರನ್ನು ಕೇಳಿ. ನನ್ನ ಹತ್ತು ಮಾತಿಗಿಂತ ಅಂಥವರ ಒಂದು ಮಾತು ನಿಮ್ಮ ತಂದೆಗೆ ಹೆಚ್ಚು ತಾಗುತ್ತದೆ.

ನೀವು ಬರೆದಿರುವಷ್ಟನ್ನೇ ನೆಚ್ಚಿ ಹೇಳುವುದಾದರೆ, ಮೃದ್ವಸ್ಥಿ ಒಡೆದಿಲ್ಲ, ನೀರು ಉಸಿರ್ನಾಳಕ್ಕೆ ಇಳಿಯುತ್ತಿಲ್ಲ, ಮೂತ್ರಪಿಂಡ ಸುಧಾರಿಸುತ್ತದೆ ಎಂದಾದರೆ ನಾನು ಕೀಮೋ–ವಿಕಿರಣದ ಪರ. ಇವುಗಳಲ್ಲಿ ಮೊದಲೆರಡರ ಪೈಕಿ ಒಂದು ಕೈಕೊಟ್ಟರೂ ಶಸ್ತ್ರಚಿಕಿತ್ಸೆಯ ಪರ. ಯಂತ್ರವಿರುವ ಆಸ್ಪತ್ರೆ ಹುಬ್ಬಳ್ಳಿಯಲ್ಲೂ ಸಿಗುತ್ತದೆ. ಆದರೆ ಮೂರನೆಯ ವಾರದ ನಂತರ ಬಸ್ಸಿನಲ್ಲಿ ದಿನವೂ ಹೋಗಿಬರುವುದು ಅವರಿಂದಾಗದು, ಹತ್ತಿರದಲ್ಲಿ ಕೋಣೆ ಹಿಡಿಯುವ ಲೆಕ್ಕ ಮೊದಲೇ ಹಾಕಿ. ಬೆಂಗಳೂರಿನ ಕಿದ್ವಾಯಿಗೆ ಹೋಗುವುದಾದರೆ ಅಲ್ಲಿನ ಧರ್ಮಶಾಲೆಯಲ್ಲಿ ಜಾಗ ಸಿಗುತ್ತದೆಯೇ ಎಂದು ವಿಚಾರಿಸಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಸೌಲಭ್ಯವಿದ್ದು, ವಿಕಿರಣ ಮತ್ತು ಕೀಮೋ ಎರಡೂ ಅದರಲ್ಲಿ ಬರುತ್ತವೆ. ದಾರಿ ತೀರ್ಮಾನವಾಗುವವರೆಗೆ ಸುಮ್ಮನೆ ಕೂರಬೇಡಿ, ಈ ವಾರವೇ ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಹುಳುಕು ಹಲ್ಲುಗಳನ್ನು ವಿಕಿರಣ ಶುರುವಾಗುವುದಕ್ಕೆ ಎರಡು ವಾರ ಮೊದಲೇ ಕೀಳಿಸಬೇಕು, ಏಕೆಂದರೆ ವಿಕಿರಣದ ನಂತರ ಕಿತ್ತರೆ ದವಡೆಯ ಮೂಳೆ ಕೊಳೆಯುವ ಭಯವಿದೆ. ನಡುವೆ ಉಸಿರಾಡುವಾಗ ಸೀಟಿಯಂಥ ಸದ್ದು ಕೇಳಿಬಂದರೆ ಬೆಳಗಾಗಲಿ ಎಂದು ಕಾಯದೆ, ಅದೇ ರಾತ್ರಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ.